ದೋಷ ಕೈಯಲ್ಲಿಲ್ಲ, ಕಾಲಲ್ಲಿದೆ: ಸಾಫ್ಟ್‌ಬಾಲ್ ಕಲಿಯುವ ಮಕ್ಕಳ ಬ್ಯಾಟ್ ಬೀಸನ್ನು ತಿದ್ದುವ ಬಗೆ

ನಮ್ಮ ಶಾಲೆಯ ಮೈದಾನ ಕೆಂಪು ಮಣ್ಣಿನದು. ಮಳೆ ಬಂದು ಒಂದು ದಿನ ಬಿಸಿಲು ಕಾದ ಮೇಲೆ ಆ ಮಣ್ಣು ಹದಕ್ಕೆ ಬರುತ್ತದೆ. ಕಾಲಿಟ್ಟರೆ ಅಚ್ಚು ಮೂಡುತ್ತದೆ, ಕೆಸರು ಮೆತ್ತುವುದಿಲ್ಲ. ಅಂಥ ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಹತ್ತು ಚೆಂಡುಗಳಲ್ಲಿ ಎಂಟನ್ನು ಬಿಟ್ಟು, ಎರಡನ್ನು ಚೆಂಡೆಸೆಯುವ ಪಿಚರ್ ಕಾಲಬುಡಕ್ಕೆ ಉರುಳಿಸಿ, ಮುಖ ಸಣ್ಣದು ಮಾಡಿಕೊಂಡು ಬ್ಯಾಟರ್ ನಿಲ್ಲುವ ಚೌಕವಾದ ಬ್ಯಾಟರ್ಸ್ ಬಾಕ್ಸ್‌ನಿಂದ ಹೊರಗೆ ಬಂದಳು. “ಮಿಸ್, ನನ್ನ ಕೈಯೇ ಸರಿಯಿಲ್ಲ” ಎಂದಳು. ನಾನು ಅವಳ ಕೈ ನೋಡಲಿಲ್ಲ, ಅವಳು ನಿಂತಿದ್ದ ನೆಲ ನೋಡಿದೆ. ಬಲಗಾಲಿನ ಅಚ್ಚು ಹಿಮ್ಮಡಿಯಿಂದ ಬೆರಳಿನವರೆಗೆ ಇಟ್ಟದ್ದು ಇಟ್ಟ ಹಾಗೆಯೇ ಕೂತಿತ್ತು. ಎಡಗಾಲಿನವು ಹಲವು ಅಚ್ಚುಗಳು. ಎಲ್ಲವೂ ಪಿಚರ್ ಇರುವ ದಿಕ್ಕನ್ನು ಬಿಟ್ಟು ಅವಳ ಬೆನ್ನಿನ ಕಡೆಗಿದ್ದ ಮೂರನೆಯ ಬೇಸ್ (ಓಡುವವರು ಮುಟ್ಟಬೇಕಾದ ನೆಲೆ) ಕಡೆಗೆ ಬಿದ್ದಿದ್ದವು. ಕೈಯಲ್ಲಿ ದೋಷವೇನೂ ಇರಲಿಲ್ಲ. ಚೆಂಡು ಹತ್ತಿರ ಬಂದಾಗಲೆಲ್ಲ ಅವಳ ಮೈ ಜಾಗ ಬಿಟ್ಟು ಸರಿಯುತ್ತಿತ್ತು, ಕೈ ದೂರದಿಂದ ಚೆಂಡನ್ನು ಎಟುಕಿಸಿಕೊಳ್ಳಲು ಒದ್ದಾಡುತ್ತಿತ್ತು.

ಮಕ್ಕಳಿಗೆ ಬ್ಯಾಟಿಂಗ್ ಕಲಿಸುವ ನನ್ನಂಥ ದೈಹಿಕ ಶಿಕ್ಷಣ ಶಿಕ್ಷಕರಿಗೆ, ಸಂಜೆ ಹೊತ್ತು ಮಕ್ಕಳ ಜೊತೆ ಮೈದಾನದಲ್ಲಿ ನಿಲ್ಲುವ ತಂದೆತಾಯಂದಿರಿಗೆ ಈ ಬರಹ. ಬ್ಯಾಟಿನ ತುದಿಯಲ್ಲಿ ಕಾಣುವ ತಪ್ಪು ಅಲ್ಲೇ ಹುಟ್ಟಿರುವುದು ತೀರ ಅಪರೂಪ. ಅದು ಹುಟ್ಟಿದ ಜಾಗ ಸಿಗದೆ ತಿದ್ದಲು ಹೊರಟರೆ ಒಂದು ದೋಷದ ಮೇಲೆ ಇನ್ನೊಂದನ್ನು ಪೇರಿಸುತ್ತೇವೆ. ಇಲ್ಲಿ ಹೇಳಿದ್ದೆಲ್ಲ ಬಲಗೈ ಬ್ಯಾಟರ್‌ಗೆ ಅನ್ವಯಿಸುತ್ತದೆ. ಎಡಗೈಯವರಿಗೆ ಎಡಬಲ ಅದಲುಬದಲು ಮಾಡಿಕೊಳ್ಳಿ.

ಬೀಸು ಸರಿಯಿದ್ದಾಗ ಏನು ನಡೆಯುತ್ತದೆ

ಮೊದಲು ಸಮಯದ ಲೆಕ್ಕ. ಅಮೆರಿಕದ ಮಕ್ಕಳ ಲೀಗುಗಳಲ್ಲಿ ಹತ್ತು ವರ್ಷದೊಳಗಿನವರಿಗೆ ಪಿಚಿಂಗ್ ದೂರ 35 ಅಡಿ, ಅಂದರೆ 10.67 ಮೀಟರ್, ಹನ್ನೆರಡರೊಳಗಿನವರಿಗೆ 40 ಅಡಿ. ವಯಸ್ಕ ಮಹಿಳೆಯರ ಅಂತರರಾಷ್ಟ್ರೀಯ ಆಟದಲ್ಲಿ 43 ಅಡಿ. ನಾನು ಹೊಸಬರಿಗೆ 35 ಅಡಿಯನ್ನೇ ಅಳೆದು ಗೆರೆ ಎಳೆಯುತ್ತೇನೆ. ಅಷ್ಟು ದೂರದಿಂದ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಬ್ಯಾಟರ್ ಪಕ್ಕದ ನೆಲದಲ್ಲಿರುವ ಹಲಗೆಯಾದ ಹೋಮ್ ಪ್ಲೇಟ್ ತಲುಪಲು ಸುಮಾರು 0.6 ಸೆಕೆಂಡು ಸಾಕು. ಚೆಂಡನ್ನು ಕಾಣುವುದು, ಹೊಡೆಯಬೇಕೇ ಬಿಡಬೇಕೇ ಎಂದು ತೀರ್ಮಾನಿಸುವುದು, ಬೀಸುವುದು, ಮೂರೂ ಅಷ್ಟರೊಳಗೆ ಮುಗಿಯಬೇಕು. ಈ ಆಟ ಹುಟ್ಟಿದ್ದೇ ಒಳಾಂಗಣದಲ್ಲಿ: 1887ರಲ್ಲಿ ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಜಾರ್ಜ್ ಹ್ಯಾನ್‌ಕಾಕ್ ಮತ್ತು ಗೆಳೆಯರು ಬಾಕ್ಸಿಂಗ್ ಕೈಗವಸನ್ನು ಚೆಂಡಿನಂತೆ ಕಟ್ಟಿ, ಪೊರಕೆಯ ಕೋಲನ್ನು ಬ್ಯಾಟ್ ಮಾಡಿಕೊಂಡು ಆಡಿದರು. ಮೈದಾನಕ್ಕೆ ಬಂದ ಮೇಲೂ ಆ ಹತ್ತಿರದ ಅಂತರ ಆಟವನ್ನು ಬಿಟ್ಟು ಹೋಗಲಿಲ್ಲ. ಹಾಗಾಗಿ ದೊಡ್ಡದಾಗಿ ಸುತ್ತು ಹಾಕಿ ಬರುವ ಬೀಸಿಗೆ ಇಲ್ಲಿ ಎಡೆಯಿಲ್ಲ.

ಒಳ್ಳೆಯ ಬೀಸು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಮೈಭಾರ ಮೊದಲು ಹಿಂಗಾಲಿಗೆ ಹೋಗುತ್ತದೆ. ಮುಂಗಾಲು ಒಂದು ಚಿಕ್ಕ ಹೆಜ್ಜೆ ಇಡುತ್ತದೆ, ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಹಿಮ್ಮಡಿ ನೆಲಕ್ಕೆ ಊರಿದ ಮೇಲೆ ಸೊಂಟ ತಿರುಗುತ್ತದೆ. ಸೊಂಟ ಎದೆಯನ್ನು, ಎದೆ ತೋಳನ್ನು, ತೋಳು ಬ್ಯಾಟನ್ನು ಎಳೆದುಕೊಂಡು ಬರುತ್ತದೆ. ಬಾರುಕೋಲು ಬೀಸಿದವರಿಗೆ ಇದು ಗೊತ್ತು: ಹಿಡಿ ನಿಧಾನವಾದ ಗಳಿಗೆಯಲ್ಲಿ ತುದಿ ಚಟಾರೆಂದು ಸಿಡಿಯುತ್ತದೆ. ಮಕ್ಕಳಿಗೆ ಇದನ್ನು ಮೂರು ಮಾತಿನಲ್ಲಿ ಹೇಳಿಕೊಡುತ್ತೇನೆ: ತೂಗು, ಊರು, ಬೀಸು. ಭಾರವನ್ನು ಹಿಂದಕ್ಕೆ ತೂಗು, ಮುಂಗಾಲು ಊರು, ಆಮೇಲೆ ಬೀಸು. ಈ ಮೂರರ ಕ್ರಮ ತಪ್ಪಿದಾಗ ಅಥವಾ ಎರಡು ಒಟ್ಟಿಗೆ ನಡೆದಾಗ ಮುಂದೆ ಹೇಳುವ ದೋಷಗಳಲ್ಲಿ ಬಹುಪಾಲು ತಲೆ ಎತ್ತುತ್ತವೆ.

ಬೀಸನ್ನು ದೂರುವ ಮುನ್ನ

ಬ್ಯಾಟ್ ನೋಡಿ. ಶಾಲೆಯ ಕಿಟ್ಟಿನಲ್ಲಿ ಸಾಮಾನ್ಯವಾಗಿ ದೊಡ್ಡವರ ಬ್ಯಾಟ್ ಇರುತ್ತದೆ. ನಿಯಮದ ಪ್ರಕಾರ ಬ್ಯಾಟಿನ ಗರಿಷ್ಠ ಉದ್ದ 34 ಇಂಚು. ಹನ್ನೊಂದು ಹನ್ನೆರಡು ವರ್ಷದ ಮಗುವಿಗೆ 28ರಿಂದ 31 ಇಂಚಿನದು ಸಾಕು. ನನ್ನ ಪರೀಕ್ಷೆ ಸರಳ. ಮಗು ಎಡಗೈ ಒಂದರಲ್ಲೇ ಬ್ಯಾಟಿನ ಹಿಡಿಯನ್ನು ಹಿಡಿದು, ತೋಳನ್ನು ಭುಜದ ಮಟ್ಟಕ್ಕೆ ಚಾಚಿ ನಿಲ್ಲಲಿ. ನಾನು ನಿಧಾನವಾಗಿ ಇಪ್ಪತ್ತು ಎಣಿಸುತ್ತೇನೆ. ಹತ್ತು ಆಗುವುದರೊಳಗೆ ಬ್ಯಾಟಿನ ತುದಿ ಬಾಗಿದರೆ ಅದು ಅವಳಿಗೆ ಭಾರ. ಬೇರೆ ಬ್ಯಾಟ್ ಇಲ್ಲದಿದ್ದರೆ ಕೈಗಳನ್ನು ಹಿಡಿಯ ಬುಡದ ಗುಬುಟಿನಿಂದ ಎರಡು ಮೂರು ಇಂಚು ಮೇಲಕ್ಕೆ ಸರಿಸಿ ಹಿಡಿಸಿ. ಅದು ಅವಮಾನವೆಂದು ಮಕ್ಕಳು ತಿಳಿಯುತ್ತಾರೆ, ತಿಳಿಯಗೊಡಬೇಡಿ. ಭಾರದ ಬ್ಯಾಟ್ ಕೊಟ್ಟು “ಬೇಗ ಬೀಸು” ಎಂದು ಕೂಗುವುದು ನೀರು ತುಂಬಿದ ಕೊಡ ಹೊರಿಸಿ ಓಡು ಎಂದ ಹಾಗೆ.

ಕಣ್ಣು ನೋಡಿ. ಒಬ್ಬ ಹುಡುಗಿಯ ಬೀಸು ಚಿತ್ರ ಬರೆದ ಹಾಗಿತ್ತು; ಟೀ ಎಂಬ ಚೆಂಡಿಡುವ ಕಂಬದ ಮೇಲಿಟ್ಟ ಚೆಂಡನ್ನು ಅವಳಷ್ಟು ಚೆನ್ನಾಗಿ ಹೊಡೆಯುವವರು ತಂಡದಲ್ಲೇ ಇರಲಿಲ್ಲ. ಎಸೆದ ಚೆಂಡು ಮಾತ್ರ ಒಂದೂ ಸಿಗುತ್ತಿರಲಿಲ್ಲ. ಎರಡು ವಾರ ನಾನು ಅವಳ ಸಮಯವನ್ನು ತಿದ್ದಿದೆ, ಹೆಜ್ಜೆಯನ್ನು ತಿದ್ದಿದೆ. ಕೊನೆಗೆ ಅವಳ ತರಗತಿ ಶಿಕ್ಷಕಿಯನ್ನು ಕೇಳಿದಾಗ, ಹಿಂದಿನ ಬೆಂಚಿನಲ್ಲಿ ಕೂತರೆ ಕಪ್ಪು ಹಲಗೆ ಓದಲು ಕಣ್ಣು ಕಿರಿದು ಮಾಡುತ್ತಾಳೆ ಎಂದರು. ಕನ್ನಡಕ ಬಂದ ಮೇಲೆ ತಿದ್ದುವುದಕ್ಕೆ ಬಹಳವೇನೂ ಉಳಿಯಲಿಲ್ಲ. ಆ ಎರಡು ವಾರ ನಾನು ಅವಳಿಗೆ ಹೇಳಿದ ಮಾತುಗಳು ಈಗಲೂ ನನ್ನನ್ನು ಚುಚ್ಚುತ್ತವೆ. ನಿಂತ ಚೆಂಡು ಚೆನ್ನಾಗಿ ಸಿಕ್ಕಿ, ಬರುವ ಚೆಂಡು ಸ್ವಲ್ಪವೂ ಸಿಗದಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ.

ನೆಲ, ಸೀಮೆಸುಣ್ಣ, ಮೊಬೈಲ್

ದೋಷ ಹುಡುಕಲು ದುಬಾರಿ ಸಾಮಾನು ಬೇಕಿಲ್ಲ. ಬಾಕ್ಸ್‌ನ ಮಣ್ಣನ್ನು ಪೊರಕೆಯಿಂದ ಗುಡಿಸಿ ಸಮ ಮಾಡಿ. ಒಣಗಿದ್ದರೆ ಒಂದು ಚೊಂಬು ನೀರು ಚಿಮುಕಿಸಿ. ಐದು ಬೀಸು ಮುಗಿದ ಮೇಲೆ ಮಗುವನ್ನು ಎತ್ತಿಕೊಂಡ ಹಾಗೆ ನೇರವಾಗಿ ಹಿಂದಕ್ಕೆ ಸರಿಸಿ, ಅಚ್ಚು ಅಳಿಯಬಾರದು. ಎಡಗಾಲು ಎತ್ತ ಬಿದ್ದಿದೆ, ಎಷ್ಟು ದೂರ ಬಿದ್ದಿದೆ, ಐದೂ ಒಂದೇ ಜಾಗದಲ್ಲಿವೆಯೇ, ಬಲಗಾಲಿನ ಹೆಬ್ಬೆರಳ ಕೆಳಗೆ ಮಣ್ಣು ತಿರುಚಿದೆಯೇ ಎಂದು ನೋಡಿ. ಸೊಂಟ ಪೂರ್ತಿ ತಿರುಗಿದ್ದರೆ ಬಲ ಹಿಮ್ಮಡಿ ಮೇಲೆದ್ದು, ಹೆಬ್ಬೆರಳಿನ ಬುಡ ಮಣ್ಣನ್ನು ಕೊರೆದು ಚಿಕ್ಕ ಬಟ್ಟಲಿನಂಥ ಗುಂಡಿ ಮಾಡಿರುತ್ತದೆ. ಬಟ್ಟಲು ಇಲ್ಲವೆಂದರೆ ಆ ಬೀಸು ಬರಿಯ ತೋಳಿನದು.

ಎರಡನೆಯದು ಸೀಮೆಸುಣ್ಣ. ಚೆಂಡಿಗೆ ಅದನ್ನು ಒತ್ತಿ ತಿಕ್ಕಿದರೆ ಬ್ಯಾಟಿನ ಮೇಲೆ ಬಿಳಿ ಗುರುತು ಬೀಳುತ್ತದೆ. ತುದಿಯಿಂದ ಐದಾರು ಇಂಚು ಒಳಗೆ ಗುರುತುಗಳು ಒತ್ತೊತ್ತಾಗಿ ಬಿದ್ದರೆ ಸಂತೋಷ. ತುದಿಯಂಚಿನಲ್ಲೇ ಬೀಳುತ್ತಿದ್ದರೆ ಮಗು ಪ್ಲೇಟಿನಿಂದ ದೂರ ಸರಿಯುತ್ತಿದೆ. ಹಿಡಿಯ ಹತ್ತಿರ ಬೀಳುತ್ತಿದ್ದರೆ, ಹೆಚ್ಚಿನಂಶ ಬ್ಯಾಟ್ ಹೊರಸುತ್ತು ಹಾಕಿ ತಡವಾಗಿ ಬರುತ್ತಿದೆ.

ಮೂರನೆಯದು ಮೊಬೈಲಿನ ಸ್ಲೋ ಮೋಷನ್. ಬ್ಯಾಟರ್‌ನ ಎದೆ ಕಾಣುವ ಬದಿಯಲ್ಲಿ, ಚೆಂಡು ತಲುಪದಷ್ಟು ದೂರದಲ್ಲಿ ನಿಂತು ಚಿತ್ರಿಸಿ. ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಡ ಹಿಮ್ಮಡಿ ಊರಿದ ಕ್ಷಣದಲ್ಲಿ ಕೈಗಳು ಎಲ್ಲಿವೆ? ಅವು ಇನ್ನೂ ಬಲಭುಜದ ಬಳಿಯೇ ಇದ್ದರೆ ಕ್ರಮ ಸರಿಯಿದೆ. ಆಗಲೇ ಎದೆಯ ಮುಂದೆ ಬಂದುಬಿಟ್ಟಿದ್ದರೆ ಬೀಸು ಕೈಯಿಂದ ಶುರುವಾಗಿದೆ ಎಂದರ್ಥ.

ಎಡಗಾಲು ಮೂರನೆಯ ಬೇಸ್ ಕಡೆಗೆ ಸರಿಯುತ್ತಿದ್ದರೆ

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದೇ. ಇದು ತಂತ್ರದ ದೋಷವಲ್ಲ, ಭಯ. ಹೆಸರಿನಲ್ಲಿ ಮೃದುವೆಂದಿದ್ದರೂ ಸಾಫ್ಟ್‌ಬಾಲ್ ಮೃದುವಲ್ಲ. ಹನ್ನೆರಡು ಇಂಚು ಸುತ್ತಳತೆಯ ಚೆಂಡು 178ರಿಂದ 198 ಗ್ರಾಂ ತೂಗುತ್ತದೆ, ಕ್ರಿಕೆಟ್ ಚೆಂಡಿಗಿಂತ ಭಾರ. ಒಮ್ಮೆ ಮೊಣಕೈಗೋ ಪಕ್ಕೆಗೋ ಬಡಿಸಿಕೊಂಡ ಮಗುವಿನ ಕಾಲು ಅವಳನ್ನು ಕೇಳದೆಯೇ ಹಿಂದೆ ಸರಿಯುತ್ತದೆ. “ಹೆದರಬೇಡ” ಎಂದು ಹೇಳಿ ಭಯ ಓಡಿಸಿದ ಒಬ್ಬ ತರಬೇತುದಾರರನ್ನೂ ನಾನು ಕಂಡಿಲ್ಲ. ಹಿಮ್ಮಡಿಯ ಹಿಂದೆ ಇಟ್ಟಿಗೆ ಇಡುವ ಹಳೆಯ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಬಿಡಿ, ಕಾಲು ಉಳುಕುತ್ತದೆ, ಭಯ ಇದ್ದಲ್ಲೇ ಇರುತ್ತದೆ.

ನಾನು ಆ ಹುಡುಗಿಗೆ ಮೊದಲು ಚೆಂಡು ಬಡಿಸಿಕೊಳ್ಳುವುದನ್ನು ಕಲಿಸಿದೆ. ಹೆಲ್ಮೆಟ್ ಹಾಕಿಸಿ, ಟೆನಿಸ್ ಚೆಂಡು ತೆಗೆದುಕೊಂಡು ಐದು ಹೆಜ್ಜೆ ದೂರ ನಿಂತು ಅವಳ ಮೈಮೇಲೆಯೇ ಮೆಲ್ಲಗೆ ಎಸೆದೆ.

“ಬಡಿದರೆ ಏನು ಮಾಡಲಿ ಮಿಸ್?”

“ಎಡಭುಜವನ್ನು ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕಡೆಗೆ ತಿರುಗಿಸಿ ಬೆನ್ನು ಕೊಡು. ಗಲ್ಲ ಎದೆಗೆ ಒತ್ತಿಕೋ. ಬ್ಯಾಟ್ ಕೆಳಗಿಳಿಸು.”

ಮೂರನೆಯ ಬೇಸ್ ಕಡೆಗೆ ಸರಿದಾಗ ಏನಾಗುತ್ತದೆ ಎಂಬುದನ್ನೂ ನಿಂತು ತೋರಿಸಿದೆ. ಎಡಗಾಲು ತೆರೆದ ಕೂಡಲೇ ಎದೆ, ಹೊಟ್ಟೆ, ಮುಖ ಮೂರೂ ಚೆಂಡಿಗೆ ನೇರ ಎದುರಾಗುತ್ತವೆ. ತಪ್ಪಿಸಿಕೊಳ್ಳಲು ಹೋಗಿ ಅಪಾಯಕ್ಕೆ ಎದೆಯೊಡ್ಡುತ್ತೇವೆ. ಒಳಕ್ಕೆ ತಿರುಗಿದರೆ ಬೆನ್ನಿನ ಮಾಂಸದ ಭಾಗಕ್ಕೆ ಬಡಿದು ಹೋಗುತ್ತದೆ. ಈ ಮಾತು ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ, ಏಕೆಂದರೆ ಇದರಲ್ಲಿ ಉಪದೇಶವಿಲ್ಲ, ಕಣ್ಣಿಗೆ ಕಾಣುವ ಲೆಕ್ಕವಿದೆ. ಇಪ್ಪತ್ತು ಸಲ ಟೆನಿಸ್ ಚೆಂಡಿಗೆ ಬೆನ್ನು ಕೊಟ್ಟು ನಕ್ಕ ಮಗು ಅರ್ಧ ಭಯವನ್ನು ಅಲ್ಲೇ ಬಿಟ್ಟಿರುತ್ತದೆ.

ಆಮೇಲೆ ಬ್ಯಾಟಿಲ್ಲದೆ ಬಾಕ್ಸ್‌ನಲ್ಲಿ ನಿಲ್ಲುವ ಅಭ್ಯಾಸ. ಟೆನಿಸ್ ಚೆಂಡುಗಳ ಮೇಲೆ ಕೆಂಪು, ನೀಲಿ ಬಣ್ಣದ ದೊಡ್ಡ ಚುಕ್ಕೆ ಬರೆದು ಎಸೆಯಿರಿ. ಚೆಂಡು ದಾಟುವ ಮೊದಲು ಅವಳು ಬಣ್ಣ ಹೇಳಬೇಕು. ಬಣ್ಣ ಹುಡುಕುವ ಕಣ್ಣಿಗೆ ಹೆದರಲು ಪುರುಸೊತ್ತಿರುವುದಿಲ್ಲ. “ಚೆಂಡಿನ ಮೇಲೆ ಕಣ್ಣಿಡು” ಎಂಬ ಬರಿಯ ಮಾತಿಗಿಂತ ಇದು ಎಷ್ಟೋ ಮೇಲು. ಕೊನೆಗೆ ಎರಡೂ ಕಾಲ್ಬೆರಳುಗಳ ತುದಿಯಿಂದ ಪಿಚರ್ ಕಡೆಗೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿರಿ. ಎಡಗಾಲು ಆ ಗೆರೆಯ ಗುಂಟವೇ ಊರಬೇಕು. ಗೆರೆ ಅಳಿಸಿದ್ದರೆ ಕಾಲು ಎತ್ತ ಹೋಯಿತೆಂದು ಅವಳೇ ನೋಡಿಕೊಳ್ಳುತ್ತಾಳೆ. ನೀವು ಬಾಯಿ ತೆರೆಯಬೇಕಿಲ್ಲ. ಚೆಂಡನ್ನು ಗಟ್ಟಿ ಮಾಡುವುದು ನಿಧಾನವಾಗಿರಲಿ: ಟೆನಿಸ್ ಚೆಂಡು, ಪ್ಲಾಸ್ಟಿಕ್ ಚೆಂಡು, ಹಳೆಯ ಮೆತ್ತನೆಯ ಸಾಫ್ಟ್‌ಬಾಲ್, ಕಡೆಗೆ ಹೊಸದು. ನಮ್ಮ ಹುಡುಗಿಗೆ ಇಷ್ಟಕ್ಕೆ ಮೂರು ವಾರ ಹಿಡಿಯಿತು. ನಡುವೆ ಅವಸರ ಮಾಡಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

ಬೀಸುವ ಹೊತ್ತಿಗೆ ಚೆಂಡು ಕ್ಯಾಚರ್ ಕೈಯಲ್ಲಿ

ತಡವಾದ ಬೀಸಿನ ಗುರುತು: ಪೂರ್ತಿ ತಪ್ಪುತ್ತದೆ, ಇಲ್ಲವೇ ಚೆಂಡು ಬಲಗಡೆಯ ಮೊದಲನೆಯ ಬೇಸ್‌ನ ಗೆರೆಯಾಚೆ ಬಿದ್ದು ಫೌಲ್ ಆಗುತ್ತದೆ. ಬೇರೆ ದೇಶದ ಕೈಪಿಡಿಗಳಲ್ಲಿ ಇದಕ್ಕೆ ಕೊಡುವ ಕಾರಣಗಳಲ್ಲಿ ನಮ್ಮ ಮಕ್ಕಳ ಮುಖ್ಯ ಕಾರಣ ಇರುವುದಿಲ್ಲ. ನಮ್ಮಲ್ಲಿ ಸಾಫ್ಟ್‌ಬಾಲ್‌ಗೆ ಬರುವ ಪ್ರತಿ ಮಗುವೂ ಬೀದಿಯಲ್ಲೋ ಗದ್ದೆಯಲ್ಲೋ ಕ್ರಿಕೆಟ್ ಆಡಿಯೇ ಬಂದಿರುತ್ತದೆ. ಅದರ ಕಣ್ಣು ಚೆಂಡು ಪುಟಿಯುವುದಕ್ಕಾಗಿ ಕಾಯುತ್ತದೆ. ಇಲ್ಲಿ ಚೆಂಡು ಪುಟಿಯುವುದೇ ಇಲ್ಲ, ಕಾಯುವಷ್ಟರಲ್ಲಿ ದಾಟಿಹೋಗಿರುತ್ತದೆ. ಜೊತೆಗೆ ಬ್ಯಾಟನ್ನು ನೆಲಕ್ಕೆ ತಟ್ಟುತ್ತಾ ನಿಲ್ಲುವ ಚಾಳಿ. ನೆಲದಿಂದ ಭುಜಕ್ಕೆ ಎತ್ತಿ, ಭುಜದಿಂದ ಚೆಂಡಿಗೆ ತರುವಷ್ಟು ಸಮಯ 0.6 ಸೆಕೆಂಡಿನಲ್ಲಿ ಎಲ್ಲಿದೆ?

ಕ್ರಿಕೆಟ್ ಮರೆತುಬಿಡು ಎಂದು ಮಗುವಿಗೆ ಹೇಳಬೇಡಿ. ಅದು ಮರೆಯುವುದೂ ಇಲ್ಲ, ಮರೆಯಬೇಕಾದ್ದೂ ಇಲ್ಲ. ಚೆಂಡಿನ ದಾರಿ ಓದುವ ಕಣ್ಣನ್ನು ಕೊಟ್ಟದ್ದು ಕ್ರಿಕೆಟ್ಟೇ. ನಾನು ಚಿನ್ನಿದಾಂಡು ನೆನಪಿಸುತ್ತೇನೆ. ಚಿನ್ನಿಯ ತುದಿಗೆ ತಟ್ಟಿ ಮೇಲೆ ಹಾರಿಸಿ, ಅದು ಗಾಳಿಯಲ್ಲಿರುವಾಗಲೇ ದಾಂಡಿನಿಂದ ಅಡ್ಡಲಾಗಿ ಹೊಡೆಯುತ್ತೇವಲ್ಲ, ಆ ಹೊಡೆತ ಸಾಫ್ಟ್‌ಬಾಲ್‌ನ ಬೀಸಿಗೆ ಸೋದರಸಂಬಂಧಿ. ಅಭ್ಯಾಸದ ಮೊದಲ ಹತ್ತು ನಿಮಿಷ ಮಕ್ಕಳಿಗೆ ಚಿನ್ನಿದಾಂಡನ್ನೇ ಆಡಿಸಿದ ದಿನಗಳಿವೆ. ಪುಟಿತಕ್ಕೆ ಕಾಯುವ ಚಾಳಿ ಬಿಡಿಸಲು ಅದಕ್ಕಿಂತ ಅಗ್ಗದ ಮದ್ದು ನನಗೆ ಸಿಕ್ಕಿಲ್ಲ.

ಸಮಯ ಹೊಂದಿಸಲು ಪಿಚರ್‌ನ ತೋಳೇ ಗಡಿಯಾರ. ತೋಳು ಚಕ್ರದಂತೆ ತಿರುಗಿ ತಲೆಯ ಮೇಲೆ ಬಂದಾಗ “ತೂಗು”. ಚೆಂಡು ಸೊಂಟದ ಬಳಿ ಕೈಬಿಡುವಾಗ ಹೆಜ್ಜೆ ಹೊರಟಿರಬೇಕು, ಕೂಡಲೇ “ಊರು”. ಆಮೇಲಿನ ತೀರ್ಮಾನ ಕಣ್ಣಿನದು. ಸರದಿಗಾಗಿ ಕಾಯುತ್ತಿರುವ ಮಕ್ಕಳು ಪಕ್ಕದಲ್ಲಿ, ಬಲೆಯ ಹಿಂದೆ, ಬ್ಯಾಟಿಲ್ಲದೆ ಸಾಲಾಗಿ ನಿಂತು ಇದನ್ನು ಗಟ್ಟಿಯಾಗಿ ಹೇಳಿಕೊಂಡು ತೂಗಲಿ, ಊರಲಿ. ತೂಗುವುದು ಬೇಗ ಶುರುವಾದರೆ ಬೀಸು ತಾನಾಗಿ ಬೇಗ ಬರುತ್ತದೆ; ಕೈಯ ವೇಗ ಹೆಚ್ಚಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಚೆಂಡು ಸಿಗುತ್ತಿದೆ, ಆದರೆ ನೆಲದಲ್ಲಿ ಉರುಳುತ್ತಿದೆ

ಹತ್ತರಲ್ಲಿ ಏಳು ಚೆಂಡು ಮೂರನೆಯ ಬೇಸ್ ಇಲ್ಲವೇ ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಗೆ ಉರುಳಿದರೆ, ಸಾಮಾನ್ಯವಾಗಿ ಕೈಗಳು ಮೈಯಿಂದ ದೂರ ಚಾಚಿಕೊಂಡು ಅಗಲವಾದ ಸುತ್ತು ಹಾಕುತ್ತಿವೆ, ಚೆಂಡು ತಾಗುವ ಮೊದಲೇ ಮಣಿಕಟ್ಟು ಹೊರಳುತ್ತಿದೆ. ಮೊದಲು ಹಿಡಿತ ನೋಡಿ. ಬ್ಯಾಟ್ ಅಂಗೈಯ ಆಳದಲ್ಲಿ ಹುದುಗಿದ್ದರೆ ಮಣಿಕಟ್ಟಿಗೆ ಬಿಡುವು ಸಿಗುವುದಿಲ್ಲ. ಬೆರಳಿನ ಬುಡದಲ್ಲಿ ಹಿಡಿಸಿ. ಬಾಗಿಲು ತಟ್ಟುವಾಗ ತಾಗುವ ಗೆಣ್ಣುಗಳಿವೆಯಲ್ಲ, ಎರಡೂ ಕೈಯ ಆ ಗೆಣ್ಣುಗಳು ಸರಿಸುಮಾರು ಒಂದೇ ಸಾಲಿಗೆ ಬರಲಿ.

ಇಲ್ಲಿ ಮಾತಿನ ತೊಡಕೊಂದಿದೆ, ನಾನು ಬಹಳ ತಡವಾಗಿ ಕಂಡುಕೊಂಡದ್ದು. ಕ್ರಿಕೆಟ್‌ನಲ್ಲಿ ಬ್ಯಾಟಿನ ತುದಿ ಕೆಳಗಿರುತ್ತದೆ, ಹಾಗಾಗಿ ಬಲಗೈ ಆಟಗಾರರಿಗೆ “ಮೇಲಿನ ಕೈ” ಎಂದರೆ ಎಡಗೈ. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟಿನ ತುದಿ ಮೇಲಿರುತ್ತದೆ. ಕೈಗಳು ಅದೇ ಜಾಗದಲ್ಲಿದ್ದರೂ “ಮೇಲಿನ ಕೈ” ಎಂದರೆ ಬಲಗೈ ಆಗಿಬಿಡುತ್ತದೆ. “ಮೇಲಿನ ಕೈ ಸಡಿಲ ಬಿಡು” ಎಂದು ನಾನು ಹೇಳಿದಾಗಲೆಲ್ಲ ಮಕ್ಕಳು ತಪ್ಪು ಕೈಯನ್ನು ಸಡಿಲ ಬಿಡುತ್ತಿದ್ದರು, ಕಿವಿಗೊಡುತ್ತಿಲ್ಲ ಎಂದು ನಾನು ರೇಗುತ್ತಿದ್ದೆ. ಈಗ ಎಡಗೈ, ಬಲಗೈ ಎಂದಷ್ಟೇ ಹೇಳುತ್ತೇನೆ.

ಹಿಡಿತ ಸರಿಯಾದ ಮೇಲೆ ಬೇಲಿಯ ಅಭ್ಯಾಸ. ತಂತಿ ಬಲೆಯ ಎದುರು ನಿಲ್ಲಿಸಿ. ಬ್ಯಾಟಿನ ಗುಬುಟು ಹೊಟ್ಟೆಗೆ ತಾಗಿದಾಗ ತುದಿ ಬಲೆಯನ್ನು ಮುಟ್ಟುವಷ್ಟು ದೂರ ಇರಲಿ. ಅಲ್ಲಿಂದಲೇ ನಿಧಾನವಾಗಿ ಬೀಸಲಿ. ಕೈ ಚಾಚಿದರೆ ತುದಿ ಬಲೆಗೆ ಬಡಿದು ಝಣ್ ಎನ್ನುತ್ತದೆ. ಗುಬುಟನ್ನು ಮೊದಲು ಪಿಚರ್ ಕಡೆಗೆ ಒಯ್ದು, ಕೈಗಳನ್ನು ಎದೆಯ ಹತ್ತಿರದಿಂದಲೇ ದಾಟಿಸಿದರೆ ಬ್ಯಾಟ್ ಬಲೆಯನ್ನು ಸವರದೆ ಹೋಗುತ್ತದೆ. ಮೊದಲ ದಿನ ಆ ಸದ್ದು ಮೈದಾನದ ತುಂಬ ಕೇಳುತ್ತದೆ. ಕೇಳಲಿ ಬಿಡಿ, ಆ ಸದ್ದೇ ಗುರು.

ಹೊರಳುವ ಮಣಿಕಟ್ಟಿಗೆ ಬೇರೆ ಪರೀಕ್ಷೆ. ಟೀ ಮೇಲೆ ಚೆಂಡಿಟ್ಟು, ಬ್ಯಾಟ್ ಚೆಂಡಿಗೆ ತಾಗುವ ಜಾಗದಲ್ಲಿ ಮಗುವನ್ನು ಕಲ್ಲಿನಂತೆ ನಿಲ್ಲಿಸಿ. ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ ನೋಡುತ್ತಿರಬೇಕು. ಚೆಂಡು ದಾಟಿದ ಮೇಲೂ ಎರಡೂ ತೋಳು ಪಿಚರ್ ಕಡೆಗೆ ಚಾಚಿಕೊಳ್ಳುವವರೆಗೆ ಹಾಗೆಯೇ ಇರಲಿ. ಹೊರಳುವುದು ಅದಾದ ಮೇಲೆ ತಾನಾಗಿ ಆಗುತ್ತದೆ, ಅದನ್ನು ಕಲಿಸಬೇಕಿಲ್ಲ.

ಚೆಂಡು ಆಕಾಶಕ್ಕೆ ಏರಿ ಅಲ್ಲೇ ಬೀಳುತ್ತಿದ್ದರೆ

ಬಲಭುಜ ಕುಸಿದು, ಬ್ಯಾಟ್ ಚೆಂಡಿನ ಅಡಿಗೆ ನುಗ್ಗುತ್ತಿದೆ. ದೂರ ಹೊಡೆಯುವ ಆಸೆಯಿಂದ, ಕೆಲವೊಮ್ಮೆ ಭಾರದ ಬ್ಯಾಟಿನಿಂದ ಹೀಗಾಗುತ್ತದೆ. ಇದಕ್ಕೆ ಅನೇಕರು ಕೊಡುವ ಮದ್ದು “ಮೇಲಿನಿಂದ ಕೆಳಕ್ಕೆ ಹೊಡೆ, ಸೌದೆ ಸೀಳಿದ ಹಾಗೆ”. ನಾನು ಇದನ್ನು ಒಪ್ಪುವುದಿಲ್ಲ. ಚೆಂಡು ಪ್ಲೇಟಿನ ಬಳಿ ಬರುವಾಗ ಸ್ವಲ್ಪ ಇಳಿಯುತ್ತಾ ಬರುತ್ತಿರುತ್ತದೆ. ಬ್ಯಾಟ್ ತೀರ ಸ್ವಲ್ಪ ಏರುತ್ತಾ ಹೋದರೆ ಎರಡರ ದಾರಿಯೂ ಒಂದೇ ಗೆರೆಯ ಮೇಲೆ ಹೆಚ್ಚು ಹೊತ್ತು ಇರುತ್ತವೆ, ಸಮಯ ತುಸು ಹಿಂದುಮುಂದಾದರೂ ಚೆಂಡು ಸಿಗುತ್ತದೆ. ಸೌದೆ ಸೀಳುವ ಬೀಸಿನಲ್ಲಿ ಆ ಗೆರೆಗಳು ಒಂದೇ ಬಿಂದುವಿನಲ್ಲಿ ಕತ್ತರಿ ಹಾಕುತ್ತವೆ. ಸಿಕ್ಕರೆ ಸಿಕ್ಕಿತು, ಸಿಕ್ಕರೂ ಚೆಂಡು ನೆಲಕ್ಕೇ ಬಡಿಯುತ್ತದೆ.

ಎರಡು ಟೀ ಇಡಿ. ಚೆಂಡಿರುವ ಟೀಯಿಂದ ಒಂದು ಅಡಿ ಹಿಂದೆ, ಕ್ಯಾಚರ್ ಕಡೆಗೆ, ಖಾಲಿ ಟೀ ಒಂದು. ಅದರ ತಲೆ ಮುಂದಿನ ಟೀಯ ತಲೆಗಿಂತ ನಾಲ್ಕು ಬೆರಳು ಕೆಳಗಿರಲಿ. ಮೆಲ್ಲಗೆ ಏರುವ ಬೀಸು ಅದರ ಮೇಲಿನಿಂದ ಸಲೀಸಾಗಿ ಹಾದುಹೋಗುತ್ತದೆ. ಕುಸಿದು ಮೇಲೇಳುವ ಬೀಸು ಹಿಂದಿನ ಟೀಗೆ ಬಡಿಯುತ್ತದೆ. ಹಾಗೆಯೇ ಗಲ್ಲದ ನೆನಪು ಕೊಡಿ: ನಿಂತಾಗ ಗಲ್ಲ ಎಡಭುಜದ ಬಳಿ, ಬೀಸು ಮುಗಿದಾಗ ಬಲಭುಜದ ಬಳಿ. ತಲೆ ನಿಂತಲ್ಲೇ ನಿಲ್ಲಬೇಕು, ಭುಜಗಳೇ ಅದರ ಕೆಳಗೆ ತಿರುಗಬೇಕು.

ಮೈ ಮುಂದಕ್ಕೆ ಮುಗ್ಗರಿಸಿದರೆ

ನಿಧಾನದ ಪಿಚರ್ ಎದುರು ಹೆಚ್ಚು. ಹೆಜ್ಜೆಯ ಜೊತೆಗೆ ಮೈಭಾರವೆಲ್ಲ ಎಡಗಾಲಿಗೆ ಹೋಗಿ, ಬೀಸಲು ಹಿಂದೆ ಏನೂ ಉಳಿದಿರುವುದಿಲ್ಲ. ಅಚ್ಚಿನಲ್ಲಿ ಎಡಗಾಲು ತೀರ ಮುಂದೆ, ಬೆರಳ ಕಡೆ ಆಳವಾಗಿ ಕೂತಿರುತ್ತದೆ. ಮಗು “ಊರು”ವಿನವರೆಗೆ ಮಾಡಿ ನಿಲ್ಲಲಿ. ನೀವು ಪಕ್ಕದಲ್ಲಿ, ಮುಂದಕ್ಕೆ ಓರೆಯಾಗಿ ಕುಳಿತು, ಅವಳು ನಿಂತ ಮೇಲೆ ಮಾತ್ರ ಚೆಂಡನ್ನು ಮೆಲ್ಲಗೆ ತೂರಿ. ಕಾಲು ಊರಿದರೂ ಕೈ ಹೊರಡದೆ ಕಾಯಬಹುದು ಎಂಬುದು ಮೈಗೆ ಗೊತ್ತಾಗಲು ಹದಿನೈದು ಇಪ್ಪತ್ತು ಚೆಂಡು ಸಾಕು.

ಟೀ ಇಟ್ಟ ಜಾಗವೇ ತಪ್ಪಿರಬಹುದು

ಟೀ ಕೊಳ್ಳಲು ಹಣವಿಲ್ಲದಿದ್ದರೆ ಬಣ್ಣದ ಹಳೆಯ ಬಕೆಟ್ಟಿನಲ್ಲಿ ಸಿಮೆಂಟ್ ಹಾಕಿ ಪಿವಿಸಿ ಪೈಪ್ ನಿಲ್ಲಿಸಿ, ತುದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ. ಒಳಗೆ ಹೊರಗೆ ಜಾರುವ ಎರಡು ಅಳತೆಯ ಪೈಪ್ ಇದ್ದರೆ ಎತ್ತರವನ್ನೂ ಬದಲಿಸಬಹುದು. ಸ್ಟ್ರೈಕ್ ಝೋನ್, ಅಂದರೆ ಬ್ಯಾಟರ್ ಹೊಡೆಯಬೇಕಾದ ಚೆಂಡು ಬರುವ ಎತ್ತರ, ಕಂಕುಳಿನಿಂದ ಮಂಡಿಯ ಮೇಲ್ಭಾಗದವರೆಗೆ ಇರುವುದರಿಂದ ಒಂದೇ ಎತ್ತರದಲ್ಲಿ ತಿಂಗಳುಗಟ್ಟಲೆ ಹೊಡೆಸುವುದು ಸಲ್ಲದು.

ಎತ್ತರಕ್ಕಿಂತ ದೊಡ್ಡ ತಪ್ಪು ಜಾಗದ್ದು. ಟೀಯನ್ನು ಪ್ಲೇಟಿನ ನಟ್ಟನಡುವೆ ಇಟ್ಟು ಮಗುವನ್ನು ಅದರ ನೇರಕ್ಕೆ ನಿಲ್ಲಿಸಿದರೆ, ಚೆಂಡು ಹೊಟ್ಟೆಯ ಎದುರಿಗೆ ಬರುವವರೆಗೆ ಕಾಯುವುದನ್ನು ನಾವೇ ಕಲಿಸಿದಂತಾಗುತ್ತದೆ. ನಡುವಿನ ಚೆಂಡು ತಾಗಬೇಕಾದದ್ದು ಊರಿದ ಎಡಗಾಲಿನ ನೇರಕ್ಕೆ. ಮೈ ಹತ್ತಿರದ ಚೆಂಡಾದರೆ ಇನ್ನೂ ಮುಂದೆ, ಹೊರಗಿನ ಚೆಂಡಾದರೆ ಸ್ವಲ್ಪ ಹಿಂದೆ. ಟೀ ಮೇಲೆ ಚೆನ್ನಾಗಿ ಹೊಡೆದು ಪಂದ್ಯದಲ್ಲಿ ಸದಾ ತಡವಾಗುವ ಮಕ್ಕಳ ಟೀಯನ್ನು ಒಮ್ಮೆ ಅಳೆದು ನೋಡಿ.

ತಿದ್ದುವ ನಾವು

ಒಂದು ವಾರಕ್ಕೆ ಒಂದೇ ದೋಷ. ಕಾಲು, ಕೈ, ತಲೆ ಮೂರನ್ನೂ ಒಟ್ಟಿಗೆ ಹೇಳಿದರೆ ಮಗು ಮೂರನ್ನೂ ಯೋಚಿಸುತ್ತಾ ಚೆಂಡನ್ನು ನೋಡುವುದನ್ನೇ ಬಿಡುತ್ತದೆ. ಮಗು ಬಾಕ್ಸ್‌ನಲ್ಲಿರುವಾಗ ನಾನು ಮಾತಾಡುವುದಿಲ್ಲ, ಬೇಲಿಯ ಆಚೆ ನಿಂತ ಅಪ್ಪ ಅಮ್ಮಂದಿರಿಗೂ ಕೂಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ದಿನಕ್ಕೆ ನಲವತ್ತು ಗಮನವಿಟ್ಟ ಬೀಸು ಸಾಕು. ಇನ್ನೂರು ಬೀಸಿಸಿದರೆ ಕಡೆಯ ನೂರೈವತ್ತು ದಣಿದ ಮೈಯವು. ಮೈ ಕಲಿಯುವುದು ಆ ದಣಿದ ಬೀಸನ್ನೇ.

ಬಲಗಾಲಿನ ಬಗ್ಗೆ ಒಂದು ಎಚ್ಚರಿಕೆ. “ಹುಳು ಹೊಸಕಿದ ಹಾಗೆ ಪಾದ ತಿರುಗಿಸು” ಎಂದು ಹೇಳಿಕೊಡುವುದು ಬಳಕೆಯಲ್ಲಿದೆ. ಆಗ ಮಕ್ಕಳು ಸೊಂಟವನ್ನು ಬಿಟ್ಟು ಪಾದವನ್ನಷ್ಟೇ ತಿರುಗಿಸುತ್ತಾರೆ, ಮಣ್ಣಿನಲ್ಲಿ ಸುಳ್ಳು ಬಟ್ಟಲು ಮೂಡುತ್ತದೆ. ಅದರ ಗುರುತು ಸುಲಭ: ಹಿಮ್ಮಡಿಯ ಅಚ್ಚೂ ಅಷ್ಟೇ ಆಳವಾಗಿ ಉಜ್ಜಿಕೊಂಡಿರುತ್ತದೆ, ಭಾರ ಮುಂದಕ್ಕೆ ಹೋಗಿರುವುದಿಲ್ಲ. ಸೊಂಟದ ಗುಂಡಿ ಪಿಚರ್‌ಗೆ ಕಾಣುವಂತೆ ತಿರುಗು ಎನ್ನಿ, ಪಾದ ಹಿಂಬಾಲಿಸುತ್ತದೆ. 2021ರ ಜುಲೈ 27ರಂದು ಟೋಕಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಜಪಾನ್ ತಂಡ ಅಮೆರಿಕವನ್ನು 2–0ರಿಂದ ಸೋಲಿಸಿತು. ಆ ಪಂದ್ಯದ ದೃಶ್ಯ ಸಿಕ್ಕರೆ ಮಕ್ಕಳಿಗೆ ತೋರಿಸಿ, ಚೆಂಡನ್ನು ಬಿಟ್ಟು ಬ್ಯಾಟರ್‌ಗಳ ಸೊಂಟದಿಂದ ಕೆಳಗಷ್ಟೇ ನೋಡಿ ಎನ್ನಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮತ್ತೆ ಬರುತ್ತಿದೆ ಎಂದರೆ ಅವರ ಕಣ್ಣು ಇನ್ನಷ್ಟು ಅರಳುತ್ತದೆ.

ಹೊಡೆದ ಮೇಲೆ ಬ್ಯಾಟ್ ಹಿಡಿದುಕೊಂಡೇ ಓಡುವುದು ಕ್ರಿಕೆಟ್‌ನಿಂದ ಬಂದ ಮತ್ತೊಂದು ಅಭ್ಯಾಸ. ಬ್ಯಾಟನ್ನು ಎಸೆಯದೆ, ಪಕ್ಕಕ್ಕೆ ಇಳಿಬಿಟ್ಟು ಓಡಲು ಮೊದಲ ದಿನದಿಂದಲೇ ರೂಢಿ ಮಾಡಿಸಿ; ಹಿಂದೆ ಕ್ಯಾಚರ್ ಇರುತ್ತಾಳೆ.

ಮೊದಲು ಹೇಳಿದ ಹುಡುಗಿ ಆರನೆಯ ವಾರ ಮತ್ತೆ ಹದವಾದ ಮಣ್ಣಿನ ಮೇಲೆ ನಿಂತಳು. ಹತ್ತರಲ್ಲಿ ನಾಲ್ಕು ಚೆಂಡು ಬಿಟ್ಟಳು, ಮೂರು ಫೌಲ್, ಎರಡು ಉರುಳಿದವು, ಒಂದು ಎರಡನೆಯ ಬೇಸ್‌ನ ತಲೆಯ ಮೇಲೆ ನೇರವಾಗಿ ಹೋಯಿತು. ಅವಳು ಓಡಲಿಲ್ಲ; ಬ್ಯಾಟ್ ಇಳಿಬಿಟ್ಟು ಕುಕ್ಕರುಗಾಲಿನಲ್ಲಿ ಕೂತು ತನ್ನ ಕಾಲಿನ ಅಚ್ಚು ನೋಡತೊಡಗಿದಳು. ಎಡಗಾಲಿನ ಗುರುತುಗಳು ರಂಗೋಲಿ ಗೆರೆಯ ಆಸುಪಾಸಿನಲ್ಲೇ ಇದ್ದವು. ಬಲಗಾಲಿನ ಜಾಗದಲ್ಲಿ ಅವಳ ಹೆಬ್ಬೆರಳಗಲದ ಬಟ್ಟಲು. ಅದರೊಳಗೆ ಬೆರಳಿಟ್ಟು ಆಳ ನೋಡಿ, “ಇನ್ನೂ ಸ್ವಲ್ಪ ಬೇಕಲ್ಲವೇ ಮಿಸ್?” ಎಂದಳು. ಹೌದೆಂದೆ. ಪೊರಕೆ ತೆಗೆದುಕೊಂಡು ಬಾಕ್ಸನ್ನು ಅವಳೇ ಗುಡಿಸಿ ಸಮ ಮಾಡಿ ಮುಂದಿನವಳನ್ನು ಕರೆದಳು.